ಹಿಂದಿನ ವರ್ಷದ ಗೆರೆ

ಆ ದಿನ ನಮ್ಮ ಬೀದಿಗೆ ನೀರು ಬಿಡುವ ದಿನ. ಬೆಳಕು ಹರಿಯುವ ಮೊದಲೇ ಎದ್ದು ಸಂಪಿನ ಮುಚ್ಚಳ ಸರಿಸಿ, ನಲ್ಲಿಯೊಳಗೆ ಗಾಳಿ ಗೊರಗೊರ ಎನ್ನುವುದನ್ನು ಕೇಳಿಸಿಕೊಳ್ಳುತ್ತಾ ನಿಂತಿದ್ದೆ. ನೀರು ಬಂತು ಎಂದು ಖಾತ್ರಿಯಾದ ಮೇಲೆಯೇ ಒಳಗೆ ಹೋಗಿ ಹಾಲಿಗಿಟ್ಟದ್ದು. ಮಾರ್ಗಶಿರದ ಚಳಿಗೆ ಅತ್ತೆ ಸ್ವೆಟರಿನ ಮೇಲೊಂದು ಶಾಲು ಹೊದ್ದು, ರಾತ್ರಿ ನೆನೆಹಾಕಿದ್ದ ಅವರೆಕಾಳಿನ ಬೇಸಿನ್ನನ್ನು ಮುಂದಿಟ್ಟುಕೊಂಡು ಆಗಲೇ ಊಟದ ಮೇಜಿಗೆ ಬಂದು ಕೂತಿದ್ದರು. ಯಜಮಾನರು ಉಪ್ಪಿಟ್ಟು ತಿಂದು, ಹೆಲ್ಮೆಟ್ ಹುಡುಕಿ, ಸಿಕ್ಕಿದ ಮೇಲೆ ಅದನ್ನು ಅಲ್ಲಿಟ್ಟವಳು ನಾನೇ ಎಂದು ಸಾಬೀತು ಮಾಡಿ ಆಫೀಸಿಗೆ ಹೊರಟರು.

ಗೇಟು ಹಾಕಲು ಹೋದಾಗ ಎದುರು ಮನೆಯಾಕೆ ರಂಗೋಲಿ ಮುಗಿಸಿ, ಸೊಂಟಕ್ಕೆ ಕೈಕೊಟ್ಟು ಏಳುತ್ತಿದ್ದರು.

"ಏನ್ರೀ, ನಾಳೆ ಸತ್ಯನಾರಾಯಣ ಪೂಜೆ ಇಟ್ಕೊಂಡಿದೀವಿ. ಸಂಜೆ ಕುಂಕುಮ ತಗೊಂಡು ಕರೆಯೋಕೆ ಬರ್ತೀನಿ. ಮನೇಲಿರ್ತೀರ ತಾನೆ?"

"ಇರ್ತೀನಿ. ಇವತ್ತು ಕೆಲಸ ಇದೆ, ಮೇಜು ಬಿಟ್ಟು ಏಳೋ ಹಾಗೇ ಇಲ್ಲ."

"ಅದೇ ಸಮುದ್ರದ್ದಾ? ಹೆಂಗಿದಾಳೆ ನಿಮ್ಮ ಗುಂಡಮ್ಮ?"

"ಇವತ್ತು ಗೊತ್ತಾಗತ್ತೆ."

"ನಿಮ್ಮದೊಂದು ಕಥೆ" ಎಂದು ನಕ್ಕು, ಉಳಿದ ರಂಗೋಲಿ ಪುಡಿಯನ್ನು ಡಬ್ಬಿಗೆ ತುಂಬಿಕೊಂಡು ಒಳಗೆ ಹೋದರು.

ಗುಂಡಮ್ಮ ಎಂದರೆ ಒಂದು ಹವಳ. ಲಕ್ಷದ್ವೀಪದ ಒಂದು ದ್ವೀಪದ ಪಕ್ಕ, ತಿಳಿನೀರಿನ ತಳದಲ್ಲಿ ಕೂತಿರುವ, ನಮ್ಮ ರುಬ್ಬುಗುಂಡಿಗಿಂತ ಎಷ್ಟೋ ಪಟ್ಟು ದೊಡ್ಡದಾದ ದುಂಡನೆಯ ಗುಡ್ಡೆ. ಆ ಸಮುದ್ರವನ್ನು ನಾನು ನೋಡಿಲ್ಲ. ನನ್ನ ಕೆಲಸವೆಲ್ಲ ಬಸವನಗುಡಿಯ ಈ ಊಟದ ಮೇಜಿನ ಮೇಲೆ. ಶೇಷಾದ್ರಿಪುರಂನಲ್ಲಿ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿರುವ ಸಣ್ಣ ಸಂಶೋಧನಾ ತಂಡದವರು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ, ಸಮುದ್ರದ ತಳದಲ್ಲಿ ಗುರುತು ಮಾಡಿಟ್ಟ ಜಾಗಗಳ ಮೇಲೆ ಪೈಪಿನಿಂದ ಮಾಡಿದ ಚೌಕಟ್ಟು ಇಟ್ಟು ಫೋಟೋ ತೆಗೆದು ತರುತ್ತಾರೆ. ಅದೇ ಜಾಗ, ಅದೇ ಚೌಕ, ಪ್ರತಿ ವರ್ಷ. ಆ ಚಿತ್ರಗಳಲ್ಲಿ ಒಂದೊಂದು ಹವಳದ ಜೀವಂತ ಭಾಗದ ಸುತ್ತ ಮೌಸಿನಿಂದ ಗೆರೆ ಎಳೆಯುವುದು ನನ್ನ ಕೆಲಸ. ಗೆರೆ ಕೂಡಿದ ಕೂಡಲೇ ಕಂಪ್ಯೂಟರ್ ಒಳಗಿನ ವಿಸ್ತೀರ್ಣ ಲೆಕ್ಕ ಹಾಕುತ್ತದೆ. ಹೋದ ವರ್ಷಕ್ಕಿಂತ ಹೆಚ್ಚಾಗಿದ್ದರೆ ಬೆಳೆದಿದೆ, ಕಡಿಮೆಯಾಗಿದ್ದರೆ ಇಲ್ಲ.

ಕಾನ್ವೆಂಟಿನಲ್ಲಿ ಭೂಗೋಳ ಕಲಿಸುತ್ತಿದ್ದ ಸಿಸ್ಟರ್ ನಮ್ಮಿಂದ ಭಾರತದ ಔಟ್‌ಲೈನ್ ಮ್ಯಾಪ್ ಬರೆಸುತ್ತಿದ್ದರು. ಕರಾವಳಿಯ ಗೆರೆ ನಡುಗಬಾರದು, ಗೆರೆಯ ಹೊರಗೆ ನೀಲಿ ಪೆನ್ಸಿಲಿನ ಅಡ್ಡ ಗೀಟುಗಳು. ಎಲ್ಲ ಮುಗಿದ ಮೇಲೆ ಕೇರಳದ ಎಡಕ್ಕೆ ಪೆನ್ಸಿಲಿನ ತುದಿಯಿಂದ ನಾಲ್ಕಾರು ಚುಕ್ಕೆ ಇಡಬೇಕಿತ್ತು. ಅದು ಲಕ್ಷದ್ವೀಪ. ಯಾರಾದರೂ ಮರೆತರೆ, "ಮುಳುಗಿಸಿಬಿಟ್ಟೆಯಲ್ಲ ಮಗು" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಗದರುತ್ತಿದ್ದರು. ಆ ಅಭ್ಯಾಸ, ಆಮೇಲೆ ಕಸೂತಿಗಾಗಿ ಟ್ರೇಸಿಂಗ್ ಪೇಪರಿನ ಮೇಲೆ ಎಳೆದ ಹೂಬಳ್ಳಿಗಳು, ಇವಿಷ್ಟೇ ಈ ಕೆಲಸಕ್ಕೆ ನನಗಿದ್ದ ಅರ್ಹತೆ.

ಉಳಿದದ್ದನ್ನು ತಂಡದ ಮುಖ್ಯಸ್ಥೆ ಕಲಿಸಿದರು. ನನಗಿಂತ ಬಹಳ ಚಿಕ್ಕವರು, ನನ್ನನ್ನು ಅಕ್ಕ ಎನ್ನುತ್ತಾರೆ. ನಾನು ಅವರನ್ನು ಮೇಡಂ ಎನ್ನುತ್ತೇನೆ. ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಅಕ್ಕಿಕಾಳಿಗಿಂತ ಸಣ್ಣ ಜೀವಿಗಳು ಒತ್ತೊತ್ತಾಗಿ ಕೂತು, ತಮ್ಮ ಕೆಳಗೆ ಸುಣ್ಣದ ಕಲ್ಲು ಕಟ್ಟುತ್ತಾ ಅದರ ಮೇಲೆಯೇ ಏರುತ್ತಾ ಹೋಗುತ್ತವೆ. ಗುಂಡಮ್ಮನಂಥ ದುಂಡು ಹವಳ ಒಂದು ವರ್ಷಕ್ಕೆ ಕಟ್ಟುವುದು ಕಿರುಬೆರಳಿನ ಉಗುರಿನಗಲ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿರುತ್ತದೆ. ಬಿಸಿಲಿನಿಂದ ಅಡುಗೆ ಮಾಡಿ ಯಜಮಾನಿಗೆ ಬಡಿಸುವುದು ಆ ಬಾಡಿಗೆದಾರ. ಹವಳದ ಬಣ್ಣವೂ ಅವನದೇ. ಸಮುದ್ರ ವಾರಗಟ್ಟಲೆ ಹೆಚ್ಚು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಆಗ ಮೈ ಗಾಜಿನಂತಾಗಿ ಒಳಗಿನ ಸುಣ್ಣ ಕಾಣುತ್ತದೆ. ಬಿಳಿಚಿಕೊಳ್ಳುವುದು ಎಂದರೆ ಇದು. ಬಿಳಿಚಿದ ಹವಳ ಸತ್ತದ್ದಲ್ಲ, ಉಪವಾಸ ಬಿದ್ದದ್ದು. ನೀರು ಬೇಗ ತಣ್ಣಗಾದರೆ ಬಾಡಿಗೆದಾರ ಮರಳುತ್ತಾನೆ. ಆದರೂ ಆಮೇಲೆ ಬಹಳ ಕಾಲ ಹವಳ ಕಲ್ಲು ಕಟ್ಟುವುದು ನಿಧಾನ. ನೀರು ತಣ್ಣಗಾಗದಿದ್ದರೆ ಕಟ್ಟುವವರೇ ಇರುವುದಿಲ್ಲ.

ಚಿತ್ರಗಳಲ್ಲಿ ಹವಳಗಳಿಗೆ ಇರುವುದು ಸಂಖ್ಯೆ ಮಾತ್ರ. ಹೆಸರಿಡಬೇಡಿ, ಹೆಸರಿಟ್ಟರೆ ಕಣ್ಣು ಪಕ್ಷಪಾತ ಮಾಡುತ್ತದೆ ಎಂದು ಮೇಡಂ ಹೇಳಿದ್ದರು. ನಾನು ಇಡಲಿಲ್ಲ. ಮೊದಲ ವರ್ಷ ಪಕ್ಕದಲ್ಲಿ ಕೂತು ನೋಡುತ್ತಿದ್ದ ಅತ್ತೆ ಇಟ್ಟರು. "ನಮ್ಮ ದೊಡ್ಡಮ್ಮನ ಹಾಗೇ ಕೂತಿದಾಳೆ ನೋಡೇ, ಗುಂಡಮ್ಮ. ಯಾರು ಬಂದ್ರೂ ಏಳೋ ಪೈಕಿ ಅಲ್ಲ." ಅಂದಿನಿಂದ ಅವಳು ಮನೆಯ ಮಾತಾದಳು. ನನ್ನ ಕೊರಳ ಸರದಲ್ಲಿ ಕರಿಮಣಿಯ ನಡುವೆ ಎರಡು ಹವಳವಿದೆ. ಅವು ಗುಂಡಮ್ಮನ ನೆಂಟರು ಎಂದು ಅತ್ತೆಯ ವಾದ. ಅಲ್ಲ, ಅದು ಬೇರೆ ಕುಲ, ಬೇರೆ ಸಮುದ್ರದ ಆಳದ್ದು ಎಂದು ಮೇಡಂ ಬಿಡಿಸಿ ಹೇಳಿದರೂ ಅತ್ತೆ ಒಪ್ಪಲಿಲ್ಲ. "ದೂರದ ಸಂಬಂಧ ಇರತ್ತೆ ಬಿಡಿ" ಎಂದರು.

ಮೇಡಂ ಹಿಂದಿನ ವಾರವಷ್ಟೇ ದ್ವೀಪದಿಂದ ಬಂದಿದ್ದರು. ಈ ಸಲ ಅವಸರವಿತ್ತು. ಗುಂಡಮ್ಮನಿರುವ ಮೂಲೆಯಲ್ಲಿ ದೋಣಿಗಳು ಲಂಗರು ಹಾಕದಂತೆ ದ್ವೀಪದವರೇ ಕೆಲವು ವರ್ಷಗಳ ಹಿಂದೆ ಒಪ್ಪಿಕೊಂಡಿದ್ದರು. ಅವರಿಗೆ ಅದು ಕಷ್ಟವೇ. ದಡಕ್ಕೆ ಹತ್ತಿರದ ಜಾಗ ಬಿಟ್ಟು ದೂರ ನಿಲ್ಲಿಸಬೇಕು. ಆದರೂ, ಸುತ್ತ ಎಲ್ಲೆಡೆ ಹವಳದ ದಿಬ್ಬ ಕುಸಿಯುತ್ತಿದ್ದಾಗ ಅದೊಂದು ಮೂಲೆ ಬೆಳೆಯುತ್ತಿದೆ ಎಂದು ನಮ್ಮ ಲೆಕ್ಕ ಹೇಳಿದ್ದರಿಂದ ಅವರು ಆ ಮಾತು ಮುರಿದಿರಲಿಲ್ಲ. ಅಲೆಗಳನ್ನು ದಡಕ್ಕೆ ಬರುವ ಮೊದಲೇ ಮುರಿಯುವುದು ಆ ದಿಬ್ಬ. ತಂಡಕ್ಕಾಗಿ ಮುಳುಗಿ ಫೋಟೋ ತೆಗೆಯುವ ದ್ವೀಪದವರ ಮನೆ ಇರುವುದೇ ಅದರ ಎದುರಿನ ದಂಡೆಯಲ್ಲಿ. ಮಾರನೆಯ ದಿನ ಶುಕ್ರವಾರ, ನಮಾಜು ಮುಗಿದ ಮೇಲೆ ಎಲ್ಲರೂ ಸೇರುತ್ತಾರೆ, ಈ ವರ್ಷ ಎಷ್ಟು ಬೆಳೆಯಿತು ಎಂದು ಮೇಡಂ ಅವರಿಗೆ ಫೋನಿನಲ್ಲಿ ಹೇಳಬೇಕು. ಆ ಉತ್ತರ ಅಂದು ಸಂಜೆಯೊಳಗೆ ನನ್ನ ಮೇಜಿನಿಂದ ಹೋಗಬೇಕಿತ್ತು.

ಕಿಟಕಿಗೆ ಹಳೆಯ ಪಂಚೆ ಕಟ್ಟಿದೆ. ಬೆಳಕು ಪರದೆಯ ಮೇಲೆ ಬಿದ್ದರೆ ಕಂದು ಯಾವುದು, ಹಸಿರು ಯಾವುದು ತಿಳಿಯುವುದಿಲ್ಲ. ಎರಡು ಬೆರಳು ಎತ್ತರಕ್ಕೆ ಪುಸ್ತಕಗಳನ್ನಿಟ್ಟು ಲ್ಯಾಪ್‌ಟಾಪ್ ಕೂರಿಸಿದೆ. ಮೊದಲು ಬಣ್ಣ ತಿದ್ದಬೇಕು. ನೀರಿನಡಿ ಕೆಂಪು ಬಣ್ಣ ಸತ್ತುಹೋಗಿ ಎಲ್ಲವೂ ನೀಲಿಯಾಗಿರುತ್ತದೆ. ಚೌಕಟ್ಟಿಗೆ ಕಟ್ಟಿದ ಬೂದು ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಸರಿಮಾಡಿದರೆ ನಿಜವಾದ ಬಣ್ಣಗಳು ಒಂದೊಂದಾಗಿ ಮೇಲೆ ಬರುತ್ತವೆ. ಆಮೇಲೆ ಚೌಕಟ್ಟಿನ ಬದಿಯನ್ನು ಗುರುತಿಸಿ ಅಳತೆ ಹೇಳಿಕೊಡಬೇಕು. ಅಂದು ಮೊದಲ ಚೌಕದಲ್ಲೇ ಚೌಕಟ್ಟು ವಾಲಿತ್ತು. ಒಂದು ಬದಿಯ ಅಳತೆ ಇನ್ನೊಂದಕ್ಕೆ ಹೊಂದಲಿಲ್ಲ. ಪೂರ್ತಿ ಗೆರೆ ಎಳೆದ ಮೇಲೆ ಗೊತ್ತಾಗಿ ಎಲ್ಲ ಅಳಿಸಿ ಮತ್ತೆ ಶುರುಮಾಡಿದೆ. ನಡುವೆ ಕರೆಂಟ್ ಹೋಗಿ ಬಂತು.

"ನಿಮ್ಮೋರಿಗೆ ಬೇರೆ ಕೆಲಸ ಇಲ್ವೇನೇ?" ಅತ್ತೆ ಅವರೆಕಾಳನ್ನು ಎರಡು ಬೆರಳಿನ ನಡುವೆ ಹಿದುಕುತ್ತಾ ಕೇಳಿದರು. "ವರ್ಷವರ್ಷ ಕಲ್ಲಿಗೆ ಅಳತೆ ತೆಗೀತಾರೆ, ಬ್ಲೌಸ್ ಹೊಲಿಸೋ ಹಾಗೆ."

"ಅಳತೆ ಜಾಸ್ತಿ ಆಯ್ತು ಅಂದ್ರೆ ಸಂತೋಷ ಪಡೋ ಒಂದೇ ಜಾತಿ ಅತ್ತೆ ಇದು."

ಅತ್ತೆ ನಕ್ಕರು. ಸಿಪ್ಪೆ ಒಂದು ತಟ್ಟೆಗೆ, ಬೇಳೆ ಇನ್ನೊಂದಕ್ಕೆ ಬೀಳುತ್ತಿತ್ತು.

ಮೊದಲ ಮೂರು ಚೌಕಗಳಲ್ಲಿ ಎಳೆಯಲು ಗೆರೆಗಳೇ ಕಡಿಮೆ. ಜಿಂಕೆಯ ಕೊಂಬಿನಂತೆ ಕವಲೊಡೆಯುವ ಹವಳಗಳಿದ್ದ ಜಾಗದಲ್ಲಿ ಮುರಿದ ಚೂರುಗಳು, ಸೌದೆ ಒಟ್ಟಿದ ಹಾಗೆ. ಅವು ಬೇಗ ಬೆಳೆಯುತ್ತವೆ, ಬಿಸಿಗೆ ಬೇಗ ಸಾಯುತ್ತವೆ. ಇದು ನನಗೆ ಹೊಸದಲ್ಲ. ಹೋದ ವರ್ಷದ ಬೇಸಿಗೆಯಲ್ಲಿ ಸಮುದ್ರ ಕಾದಾಗ ಇಡೀ ಮೂಲೆ ಬಿಳಿಚಿತ್ತು. ಮಳೆಗಾಲಕ್ಕೆ ಮುಂಚೆ ತಂಡದವರು ಓಡಿಹೋಗಿ ತೆಗೆದ ಚಿತ್ರಗಳಲ್ಲಿ ಗುಂಡಮ್ಮ ಸುಣ್ಣ ಬಳಿದ ಹಾಗಿದ್ದಳು. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದ್ದರು. ಆ ಮಳೆಗಾಲ ಪೂರ್ತಿ, ಊಟಕ್ಕೆ ಕೂತಾಗಲೆಲ್ಲ "ನೀರು ತಣ್ಣಗಾಗಿರತ್ತೇನೇ ಈಗ?" ಎಂದು ಕೇಳುತ್ತಿದ್ದರು. ಮಳೆ ನಿಂತ ಮೇಲೆ ಬಂದ ಚಿತ್ರದಲ್ಲಿ ಅವಳ ಮೈಗೆ ಕಂದು ಬಣ್ಣ ಮರಳಿತ್ತು. ಮಳೆಯ ಮಣ್ಣಿನಿಂದ ಚಿತ್ರ ಕದಡಿತ್ತು. ಆದರೂ ಬಣ್ಣ ಬಣ್ಣವೇ. ನಾನು "ಚೇತರಿಸಿಕೊಂಡಿದೆ" ಎಂದು ಗುರುತು ಹಾಕಿದೆ. ಅತ್ತೆ ಅಂದು ಎದ್ದು ತಾವೇ ರವೆ ಹುರಿದು ಕೇಸರಿಬಾತ್ ಮಾಡಿ, ಎದುರು ಮನೆಗೂ ಒಂದು ಬಟ್ಟಲು ಕಳಿಸಿದರು. "ಏನು ವಿಶೇಷ?" ಎಂದು ಆಕೆ ಕೇಳಿದಾಗ, "ನಮ್ಮ ಗುಂಡಮ್ಮ ಹುಷಾರಾದಳು" ಎಂದಿದ್ದರು.

ನಾಲ್ಕನೆಯ ಚೌಕ ತೆರೆದೆ.

"ಹೆಂಗಿದಾಳೆ?" ಅತ್ತೆಯ ಕೈ ನಿಂತಿತು.

"ಬಣ್ಣ ಇದೆ ಅತ್ತೆ."

"ಮತ್ತೆ! ನಾನು ಹೇಳ್ಲಿಲ್ವಾ? ರವೆ ಇದ್ಯಾ ನೋಡು ಡಬ್ಬೀಲಿ."

ಗೆರೆ ಎಳೆಯತೊಡಗಿದೆ. ಪರದೆಯ ಮೇಲೆ ಹಿಂದಿನ ವರ್ಷದ ಗೆರೆ ಹಳದಿ ಚುಕ್ಕೆಗಳಾಗಿ ಕಾಣುವ ಹಾಗೆ ಇಟ್ಟುಕೊಳ್ಳಬಹುದು. ನಮಗಿರುವ ನಿಯಮಗಳಲ್ಲಿ ಒಂದು ಇದು: ಅಂಚು ಮಸುಕಾಗಿದ್ದರೆ ಹಿಂದಿನ ವರ್ಷದ ಗೆರೆಯನ್ನು ಅನುಸರಿಸಿ. ದುಂಡು ಹವಳ ಒಂದು ವರ್ಷದಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ. ಕದಡಿದ ನೀರು, ಮೀನಿನ ನೆರಳು ಅಡ್ಡ ಬಂದಾಗ ಊಹೆಯಿಂದ ಎಳೆಯುವುದಕ್ಕಿಂತ ಹಳೆಯ ಗೆರೆ ವಾಸಿ ಎಂದು ಆ ನಿಯಮ. ಅಂದು ನನ್ನ ಕೈ ತಾನಾಗಿಯೇ ಹಳದಿ ಚುಕ್ಕೆಗಳ ಮೇಲೆ ಹೋಗುತ್ತಿತ್ತು. ಅರ್ಧ ಸುತ್ತು ಸಲೀಸಾಗಿ ಬಂದೆ.

ಅಷ್ಟರಲ್ಲಿ ಆ ಕಂದು ಬಣ್ಣ ನನಗೆ ಯಾಕೋ ಹಿಡಿಸಲಿಲ್ಲ. ಜೀವವಿರುವ ಹವಳದ ಮೈ ಎಣ್ಣೆ ಸವರಿದ ಕಾವಲಿಯ ಹಾಗೆ ನುಣ್ಣಗಿರುತ್ತದೆ. ಇಲ್ಲಿ ಬಣ್ಣವಿತ್ತು, ನುಣುಪಿರಲಿಲ್ಲ. ಉಪ್ಪಿನಕಾಯಿ ಜಾಡಿಯ ಮೇಲ್ಗಡೆ ಬೂಷ್ಟು ಹಿಡಿಯುವಾಗ ಮೊದಲು ಒಂದು ಮಂಕು ಬರುತ್ತದಲ್ಲ, ಆ ತರಹ. ಬೆಳಕಿನ ದೋಷವಿರಬೇಕು ಎಂದುಕೊಂಡು ಬೂದು ಪಟ್ಟಿಯಿಂದ ಇನ್ನೊಮ್ಮೆ ಬಣ್ಣ ತಿದ್ದಿದೆ. ಮಂಕು ಹೋಗಲಿಲ್ಲ.

ಪ್ರತಿ ದೊಡ್ಡ ಹವಳಕ್ಕೂ ಪಕ್ಕದಿಂದ ತೆಗೆದ ಇನ್ನೊಂದು ಚಿತ್ರವಿರುತ್ತದೆ. ಗುಂಡಮ್ಮನ ನೆತ್ತಿಗೆ ಮೊದಲ ವರ್ಷವೇ ಮೇಡಂ ಒಂದು ಸ್ಟೀಲ್ ಮೊಳೆ ಹೊಡೆದಿದ್ದರು. ಹವಳ ಮೇಲಕ್ಕೆ ಬೆಳೆದಷ್ಟೂ ಮೊಳೆ ಒಳಗೆ ಮುಳುಗುತ್ತಾ ಹೋಗುತ್ತದೆ. ಹೊರಗೆ ಎಷ್ಟು ಉಳಿದಿದೆ ಎಂದು ನೋಡಿದರೆ ಎಷ್ಟು ಬೆಳೆದಿದೆ ಎಂದು ತಿಳಿಯುತ್ತದೆ. ವರ್ಷ ವರ್ಷವೂ ಆ ಮೊಳೆ ಕುಳ್ಳಾಗುವುದನ್ನು ನಾನೂ ಅತ್ತೆಯೂ ನೋಡಿದ್ದೆವು. ಆ ಪಕ್ಕದ ಚಿತ್ರ ತೆರೆದೆ.

ಮೊಳೆ ಉದ್ದವಾಗಿತ್ತು.

ನಮ್ಮ ದೇವರ ಮನೆಯಲ್ಲಿ ಫೋಟೋ ತೂಗುಹಾಕಿದ ಮೊಳೆಯೊಂದು ಹೀಗೆ ಸಡಿಲವಾಗಿ ಹೊರಬಂದಿತ್ತು. ಇದೂ ಹಾಗೇ ಇರಬೇಕು, ಅಲೆಯ ಹೊಡೆತಕ್ಕೆ ಜರುಗಿದೆ. ಹಾಗಿದ್ದರೆ ಈ ವರ್ಷ ಮೊಳೆಯ ಅಳತೆ ಬಿಟ್ಟುಬಿಡಬಹುದು, ಮೇಲಿನ ಗೆರೆ ಮಾತ್ರ ಸಾಕು. ಮೇಡಂಗೆ ಫೋನ್ ಮಾಡಿದೆ.

"ಮೇಡಂ, ನಾಲ್ಕನೇ ಚೌಕದ ದೊಡ್ಡದು. ಮೊಳೆ ಸಡಿಲ ಆಗಿದ್ಯಾ? ಹೋದ ವರ್ಷಕ್ಕಿಂತ ಜಾಸ್ತಿ ಹೊರಗೆ ಕಾಣ್ತಿದೆ."

ಆ ಕಡೆ ಬಸ್ಸಿನ ಹಾರನ್ ಕೇಳಿಸಿತು, ಯಾರೋ ಕಿಟಕಿ ಮುಚ್ಚಿದ ಸದ್ದು.

"ಅಲ್ಲಾಡಿಸಿ ನೋಡ್ದೆ ಅಕ್ಕ" ಎಂದರು. "ಮೊಳೆ ಗಟ್ಟಿಯಾಗೇ ಇದೆ."

ಮೊಳೆ ಕದಲಿಲ್ಲವೆಂದರೆ ಹವಳ ಕೆಳಗಿಳಿದಿದೆ. ಕಟ್ಟುವ ಜೀವಿಗಳು ಇಲ್ಲವಾದ ಮೇಲೆ ಕೆಡಹುವವರು ಬರುತ್ತಾರೆ ಎಂದು ಅವರೇ ಹಿಂದೊಮ್ಮೆ ಹೇಳಿದ್ದರು. ಗಿಣಿಯ ಕೊಕ್ಕಿನಂಥ ಬಾಯಿರುವ ಮೀನುಗಳು ಹಲ್ಲಿನಿಂದ ಕೆರೆಯುತ್ತವೆ, ಮುಳ್ಳಿನ ಚೆಂಡಿನಂಥ ಪ್ರಾಣಿಗಳು ಕೊರೆಯುತ್ತವೆ. ಅವು ಯಾವಾಗಲೂ ಇದ್ದವೇ, ಅದು ಅವುಗಳ ಊಟ. ಹವಳ ಬದುಕಿದ್ದಾಗ ಅವು ಕೆಡವಿದ್ದಕ್ಕಿಂತ ಹೆಚ್ಚು ಕಟ್ಟುತ್ತಿತ್ತು, ಅಷ್ಟೇ. ದಿಬ್ಬದ ಬೆಳವಣಿಗೆ ಎಂದರೆ ಕಟ್ಟಿದ್ದರಲ್ಲಿ ಕೆಡವಿದ್ದನ್ನು ಕಳೆದು ಉಳಿಯುವುದು.

"ಹಾಗಾದ್ರೆ ನಿಮಗೆ ಗೊತ್ತಿತ್ತು."

"ನಾನು ನೋಡಿದೀನಿ. ಆದ್ರೆ ನಾನು ಏನು ನೋಡ್ದೆ ಅಂತ ನಿಮಗೆ ಹೇಳಲ್ಲ ಅಕ್ಕ. ಹೇಳಿದ್ರೆ ನಿಮ್ಮ ಗೆರೇಲಿ ನನ್ನ ಕಣ್ಣು ಸೇರ್ಕೊಂಡ್ಬಿಡತ್ತೆ. ನೀವು ಕಂಡಿದ್ದು ಹಾಕಿ."

"ಅಂಚು ಮಸುಕಾಗಿದ್ರೆ ಹೋದ ವರ್ಷದ ಗೆರೆ ಅಂತ ಇದೆಯಲ್ಲ ಮೇಡಂ." ನನ್ನ ದನಿ ನನಗೇ ಬೇಡುವವರ ದನಿಯ ಹಾಗೆ ಕೇಳಿಸಿತು.

"ಹೌದು. ಮಸುಕಾಗಿದ್ಯಾ?"

ಚಿತ್ರ ಮಸುಕಾಗಿರಲಿಲ್ಲ. ಆ ವರ್ಷದಷ್ಟು ತಿಳಿಯಾದ ನೀರು ಯಾವ ವರ್ಷವೂ ಇರಲಿಲ್ಲ.

"ಇಲ್ಲ" ಎಂದೆ.

ಫೋನ್ ಇಟ್ಟ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ಗುಂಡಮ್ಮನ ಮೈಯನ್ನು ಮೂಲೆಯಿಂದ ಮೂಲೆಗೆ ನೋಡತೊಡಗಿದೆ. ದೊಡ್ಡ ಹವಳಗಳಲ್ಲಿ ಎಲ್ಲ ಸತ್ತರೂ ಎಲ್ಲೋ ನೆರಳಿರುವ ಕಡೆ, ಅಂಗೈಯಗಲದ ಜಾಗದಲ್ಲಿ ಜೀವ ಉಳಿದಿರುವುದುಂಟು. ಉಳಿದಿದ್ದರೆ ಅಷ್ಟಕ್ಕೇ ಒಂದು ಸಣ್ಣ ಗೆರೆ ಹಾಕಬಹುದು. ಅಷ್ಟರಿಂದಲೇ ಅದು ಮತ್ತೆ ಹರಡಿಕೊಂಡೀತು. ಪರದೆಯಷ್ಟಗಲದ ಒಂದೊಂದು ತುಂಡನ್ನೂ ಸಾಲಾಗಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ನೋಡಿದೆ. ಇಲ್ಲಿ ಕಲ್ಲಿನಲ್ಲಿ ಅಕ್ಕಿ ಹುಡುಕುವುದಾಗಿತ್ತು. ಒಂದು ಕಡ್ಡಿಯಂಥ ಮೀನು ಎಲ್ಲಿಂದಲೋ ಇಣುಕುತ್ತಿತ್ತು. ಹಲ್ಲಿನ ಗುರುತುಗಳು ಜೋಡಿಜೋಡಿಯಾಗಿ ಎಲ್ಲೆಡೆ ಇದ್ದವು. ಪಾಚಿಯ ನಾರು ಅಲೆಗೆ ಒಂದೇ ಕಡೆ ಮಲಗಿತ್ತು, ಬಾಚಿದ ಕೂದಲಿನಂತೆ. ಬಲಗಡೆ ಕೆಳಗೆ ಒಂದು ನುಣುಪಾದ ಜಾಗ ಸಿಕ್ಕಿತು. ದೊಡ್ಡದು ಮಾಡಿದಾಗ ಅದು ಮೇಲೆ ಕೂತಿದ್ದ ಒಂದು ಚಿಪ್ಪು.

ನಾನು ಚಿತ್ರವನ್ನು ಸರಿಸಿದಂತೆಲ್ಲ ಅತ್ತೆಯ ಮುಖವೂ ಸರಿಯುತ್ತಿತ್ತು. ಅವರೆಕಾಳು ಮುಗಿದಿತ್ತು. ಬರಿದಾದ ಬೇಸಿನ್ನಿನ ನೀರಿನಲ್ಲಿ ಬೆರಳಾಡಿಸುತ್ತಾ ಕೂತಿದ್ದರು.

"ಎಲ್ಲೂ ಇಲ್ವಾ?" ಎಂದರು ಕೊನೆಗೆ.

"ಇಲ್ಲ ಅತ್ತೆ."

"ಈ ಹಳದಿ ಚುಕ್ಕೆ ಇದೆಯಲ್ಲ, ಇದು ಹೋದ ವರ್ಷದ್ದು ತಾನೆ? ಅದೊಂದು ಇರಲಿ ಬಿಡೇ. ನಾಳೆ ಆ ಹುಡುಗಿ ಅಷ್ಟು ಜನದ ಮುಂದೆ ಏನಂತ ಹೇಳ್ತಾಳೆ?"

ಅದೇ ಯೋಚನೆ ನನಗೂ ಬಂದಿತ್ತು. ಹಳದಿ ಚುಕ್ಕೆಗಳ ಮೇಲೆ ಉಳಿದ ಅರ್ಧ ಸುತ್ತು ಮುಗಿಸಿದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ನಿಯಮದ ಪುಟ ನನ್ನ ಪರವಾಗಿತ್ತು. ಆ ಮೂಲೆ ಇನ್ನೊಂದು ವರ್ಷ ಬೆಳೆದದ್ದಾಗುತ್ತಿತ್ತು, ದೋಣಿಗಳು ಇನ್ನೊಂದು ವರ್ಷ ದೂರವೇ ನಿಲ್ಲುತ್ತಿದ್ದವು. ಆದರೆ ಆ ದಂಡೆಯ ಮನೆಗಳ ಮುಂದೆ ಇಲ್ಲದ ಗೋಡೆಯೊಂದನ್ನು ನಾನು ಇಲ್ಲಿ ಕೂತು ಬರೆದಂತಾಗುತ್ತಿತ್ತು. ಅಲೆ ನನ್ನ ಗೆರೆಯನ್ನು ನೋಡಿ ನಿಲ್ಲುವುದಿಲ್ಲವಲ್ಲ.

ಎಳೆದಿದ್ದ ಅರ್ಧ ಗೆರೆಯನ್ನು ಅಳಿಸಿದೆ. ಹಳದಿ ಚುಕ್ಕೆಗಳನ್ನು ಮರೆಮಾಡಿದೆ. "ಮೃತ, ಪಾಚಿ ಮುಚ್ಚಿದೆ" ಎಂಬುದನ್ನು ಆರಿಸಿದೆ. ಜೀವಂತ ವಿಸ್ತೀರ್ಣ ಸೊನ್ನೆಯಾದರೆ ಈ ಪ್ರೋಗ್ರಾಂ ಒಮ್ಮೆ ಕೇಳುತ್ತದೆ, ಖಚಿತವೇ ಎಂದು. ಹೌದು ಎಂಬಲ್ಲಿ ಒತ್ತಿದೆ. ಅದು ಮತ್ತೆ ಕೇಳಲಿಲ್ಲ.

ಈ ಕೆಲಸವನ್ನು ನಾನೊಬ್ಬಳೇ ಮಾಡುವುದಲ್ಲ. ತ್ಯಾಗರಾಜನಗರದಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟರೊಬ್ಬರಿದ್ದಾರೆ. ಅದೇ ಚಿತ್ರಗಳಿಗೆ ಅವರೂ ತಮ್ಮ ಮನೆಯಲ್ಲಿ ಕೂತು ಗೆರೆ ಎಳೆಯುತ್ತಾರೆ. ನಾವಿಬ್ಬರೂ ಪರಸ್ಪರ ಮಾತಾಡಬಾರದು ಎಂಬುದು ಪದ್ಧತಿ. ಅವರ ಮುಖ ನೋಡಿಲ್ಲ, ದನಿ ಕೇಳಿಲ್ಲ. ಅವರ ಗೆರೆ ಮಾತ್ರ ಗೊತ್ತು. ತಿರುವುಗಳಲ್ಲಿ ಬಹಳ ಮೃದು. ಇಬ್ಬರದೂ ಮುಗಿದ ಮೇಲೆ ಎರಡನ್ನೂ ಒಂದರ ಮೇಲೊಂದಿಟ್ಟು, ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಪ್ರೋಗ್ರಾಂ ಕೆಂಪು ತುಂಬುತ್ತದೆ. ಸಾಮಾನ್ಯವಾಗಿ ಅಂಚಿನಲ್ಲಿ ಒಂದು ಎಳೆಯಷ್ಟು ಕೆಂಪು ಬಂದರೆ ಹೆಚ್ಚು. ಅಂದು ನಾನು ಕಳಿಸಿದ ಕೂಡಲೇ ಗುಂಡಮ್ಮ ಇಡಿಯಾಗಿ ಕೆಂಪಾದಳು. ಮೇಷ್ಟರು ಬೆಳಿಗ್ಗೆಯೇ ಹಳದಿ ಚುಕ್ಕೆಗಳ ಮೇಲೆ ಪೂರ್ತಿ ಸುತ್ತು ಬಂದಿದ್ದರು.

ಹೀಗಾದರೆ ಇಬ್ಬರೂ ಮತ್ತೆ ಬೇರೆಬೇರೆಯಾಗಿ ನೋಡಬೇಕು, ಹಳೆಯ ಚಿತ್ರಗಳ ಸಮೇತ. ಹಿಂದಿನ ವರ್ಷದ್ದನ್ನು ತೆರೆದೆ, ನಾವು ಸಂಭ್ರಮಪಟ್ಟ ಆ ಕದಡಿದ ಚಿತ್ರ. ಈಗ ಬೂಷ್ಟು ಹೇಗಿರುತ್ತದೆ ಎಂದು ಕಣ್ಣಿಗೆ ಗೊತ್ತಾಗಿತ್ತು. ಮಣ್ಣಿನ ಮರೆಯಲ್ಲೂ ಕಂಡಿತು. ಆಗ ಮರಳಿದ್ದು ಅವಳ ಬಾಡಿಗೆದಾರನಲ್ಲ. ಖಾಲಿ ಮನೆಗೆ ಯಾರೋ ಬಂದು ನುಗ್ಗಿದ ಹಾಗೆ, ಸತ್ತ ಸುಣ್ಣದ ಮೇಲೆ ಹೊರಗಿನ ಪಾಚಿ ಹಬ್ಬಿತ್ತು. ಮಸುಕು ನಿಜಕ್ಕೂ ಇತ್ತು, ನಿಯಮದ ಪ್ರಕಾರ ಹಿಂದಿನ ಗೆರೆ ಎಳೆದೆವು, ಕಂದು ಬಣ್ಣ ಕಂಡು ಚೇತರಿಕೆ ಎಂದೆವು. ಆ ಒಂದು ಗೆರೆಯಿಂದಲೇ ಹೋದ ವರ್ಷ ಆ ಮೂಲೆಯ ಲೆಕ್ಕ ಬೆಳವಣಿಗೆಯ ಕಡೆ ವಾಲಿತ್ತು.

"ಕೇಸರಿಬಾತ್ ಮಾಡಿದ ದಿನ..." ಅತ್ತೆ ಅಷ್ಟಕ್ಕೇ ನಿಲ್ಲಿಸಿದರು. ಅವರು ಚಿತ್ರ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

"ಆಗ್ಲೇ ಇರ್ಲಿಲ್ಲ ಅತ್ತೆ."

ಅವರು ಮೇಜಿನ ಅಂಚು ಹಿಡಿದು ನಿಧಾನವಾಗಿ ಎದ್ದರು. ಶಾಲು ಮಡಿಸಿ ಕುರ್ಚಿಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳಿಸಿತು, ಚೊಂಬು ಚೊಂಬಾಗಿ. ಬೆಳಿಗ್ಗೆ ಸ್ನಾನ ಆಗಿತ್ತು. ಮಧ್ಯಾಹ್ನದ ಹೊತ್ತಿನಲ್ಲಿ ಅವರು ಹೀಗೆ ತಲೆಗೆ ನೀರು ಹಾಕಿಕೊಳ್ಳುವುದು ಸಾವಿನ ಸುದ್ದಿ ಬಂದಾಗ ಮಾತ್ರ. ನಾನು ಎದ್ದು ಹೋಗಿ ಗೀಸರ್ ಹಾಕಲೇ ಎಂದು ಕೇಳಲಿಲ್ಲ. ಇಂಥ ಸ್ನಾನ ತಣ್ಣೀರಿನದು.

ಉಳಿದ ಚೌಕಗಳನ್ನು ಮುಗಿಸಿದೆ. ಹಿದುಕಿದ ಬೇಳೆ ಹಾಗೇ ಒಣಗುತ್ತಿತ್ತು, ಹುಳಿಗೆ ಹಾಕಿ ಬಂದೆ. ಬಂದು ನೋಡಿದಾಗ ನಾಲ್ಕನೆಯ ಚೌಕದಲ್ಲಿ ಕೆಂಪು ಇರಲಿಲ್ಲ. ಮೇಷ್ಟರು ತಮ್ಮ ಗೆರೆಯನ್ನು ತೆಗೆದಿದ್ದರು. ಅವರೂ ಆ ಮೊಳೆಯನ್ನು ನೋಡಿರಬೇಕು, ಅವರೂ ಮೂಲೆಮೂಲೆ ಹುಡುಕಿರಬೇಕು. ಆ ಚಿಪ್ಪು ಅವರಿಗೂ ಸಿಕ್ಕಿರಬಹುದು. ಈಗ ಅಲ್ಲಿ ಇಬ್ಬರ ಗೆರೆಯೂ ಇಲ್ಲದೆ, ಚೌಕಟ್ಟಿನೊಳಗೆ ಬರೀ ಚಿತ್ರವಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಮೇಡಂ ಫೋನ್ ಮಾಡಿದರು. ಎರಡು ವರ್ಷದ ಲೆಕ್ಕ ಹೊಸದಾಗಿ ಕೂಡಿಸಿದ್ದರು. ಆ ಮೂಲೆ ಬೆಳೆಯುತ್ತಿಲ್ಲ, ಕರಗುತ್ತಿದೆ.

"ನಾಳೆ ಹೇಗೆ ಹೇಳ್ತೀರಾ?"

"ಹೋದ ವರ್ಷ ಹೇಳಿದ್ದು ತಪ್ಪು ಅಂತ ಮೊದಲು ಹೇಳ್ತೀನಿ. ಆಮೇಲೆ ಈ ವರ್ಷದ್ದು."

"ಲಂಗರು?"

"ಹಾಕ್ಬೇಡಿ ಅಂತಾನೇ ಕೇಳ್ಕೋತೀನಿ ಅಕ್ಕ. ದಿಬ್ಬದ ಮೇಲೆ ಮರಿ ಹವಳ ಕೂರೋಕೆ ಜಾಗ ಬೇಕು, ಲಂಗರು ಬಿದ್ರೆ ಅದೂ ಹೋಗತ್ತೆ. ಆದ್ರೆ ಅವು ದೊಡ್ಡದಾಗೋದ್ರೊಳಗೆ ಇನ್ನೊಂದು ಸಲ ಸಮುದ್ರ ಕಾಯಲ್ಲ ಅಂತ ನಾನು ಹೇಗೆ ಹೇಳ್ಲಿ? ಅವರು ಕೇಳ್ತಾರೋ ಇಲ್ವೋ." ಆಮೇಲೆ, "ಫೋಟೋ ತೆಗೆದ ಅಣ್ಣ ಅವತ್ತು ಅದರ ಮೇಲೆ ಕೈ ಇಟ್ಟು ನೋಡಿ ಮೇಲೆ ಬಂದ್ರು. ಅವರಿಗೆ ಗೊತ್ತು" ಎಂದರು. ನಿಯಮದ ಪುಟದಲ್ಲಿ ಆ ಸಾಲನ್ನು ಅಂದೇ ತಿದ್ದಿದ್ದಾಗಿ ಹೇಳಿದರು: ಅಂಚು ಮಸುಕಾಗಿದ್ದರೆ ಗೆರೆ ಎಳೆಯಬೇಡಿ, ಕಾಣುತ್ತಿಲ್ಲ ಎಂದು ಬರೆಯಿರಿ.

ಕಿಟಕಿಯ ಪಂಚೆ ಬಿಚ್ಚಿ ಮಡಿಸಿದೆ. ದೀಪ ಹಚ್ಚುವ ಹೊತ್ತಾಗಿತ್ತು. ಅತ್ತೆ ಒದ್ದೆ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು ಜಗಲಿಯಲ್ಲಿ ಕೂತಿದ್ದರು. ಗೇಟು ಕಿರುಗುಟ್ಟಿತು. ಎದುರು ಮನೆಯಾಕೆ ಬೆಳ್ಳಿಯ ಕುಂಕುಮದ ಬಟ್ಟಲು ಹಿಡಿದು, ಜರಿಯಂಚಿನ ಸೀರೆಯುಟ್ಟು ಕರೆಯಲು ಬಂದಿದ್ದರು. ಅತ್ತೆಯ ಕೂದಲು ನೋಡಿ ಮೆಟ್ಟಿಲ ಮೇಲೆಯೇ ನಿಂತರು. ಬಟ್ಟಲು ಹಿಡಿದ ಕೈ ಅರ್ಧಕ್ಕೆ ನಿಂತಿತ್ತು.

"ಏನಮ್ಮ, ಇಷ್ಟೊತ್ತಲ್ಲಿ ತಲೆಗೆ ಸ್ನಾನ? ಯಾರಾದ್ರೂ...?"

"ಗುಂಡಮ್ಮ ಹೋದಳು ಕಣಮ್ಮ" ಎಂದರು ಅತ್ತೆ. "ಹೋಗಿ ವರ್ಷ ಆಯ್ತಂತೆ. ನಮಗೆ ಇವತ್ತು ಗೊತ್ತಾಯ್ತು."

"ಅಯ್ಯೋ, ಸಮುದ್ರದೋಳಾ? ಹೋದ ವರ್ಷ ಕೇಸರಿಬಾತ್ ಕೊಟ್ಟಿದ್ರಲ್ಲ, ಅವಳೇನಾ? ಪಾಪ." ಆಕೆಯ ಮುಖ ಸಡಿಲವಾಯಿತು. ಮೆಟ್ಟಿಲು ಹತ್ತಿ ಬಂದು ಮೊದಲು ಅತ್ತೆಗೆ, ಆಮೇಲೆ ನನ್ನ ಮುಂದೆ ಬಟ್ಟಲು ಹಿಡಿದರು. "ಸದ್ಯ, ಸೂತಕ ಬರೋ ಸಂಬಂಧ ಅಲ್ಲ ಬಿಡಿ. ನಾಳೆ ಸ್ವಲ್ಪ ಬೇಗನೇ ಬಂದ್ಬಿಡಿ, ಸಜ್ಜಿಗೆಗೆ ರವೆ ಹುರಿಯೋಕೆ ಒಂದು ಕೈ ಬೇಕು."